ಹದಿನಾಲ್ಕು ಹೆಜ್ಜೆ ದೂರದ ಮೊಲ

ಒನೊಫ್ರೆಯ ಅಂಗಡಿಯಲ್ಲಿ ಆ ದಿನ ತಂತಿ ಬಲೆ ಮುಗಿದುಹೋಗಿತ್ತು. ಎಲ್ಲಕ್ಕೂ ಕಾರಣ ಅಷ್ಟೇ. ಬಲೆ ಇದ್ದಿದ್ದರೆ ದೆಲ್ಮಿರಾ ನಾಲ್ಕು ಮೀಟರ್ ಕತ್ತರಿಸಿಕೊಂಡು, ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗಾಳಿಗೆ ಬೆನ್ನು ಕೊಟ್ಟು ಮನೆಗೆ ಹೋಗುತ್ತಿದ್ದಳು. ಸೊಪ್ಪಿನ ಮಡಿಗೆ ಬೇಲಿ ಬೀಳುತ್ತಿತ್ತು. ಪಕ್ಕದ ಮನೆಯ ಬೆನೀತಾಳ ಗಂಡನ ಎದೆಗೆ ಗುಂಡು ಬೀಳುತ್ತಿರಲಿಲ್ಲ.

"ಬಲೆ ಇನ್ನು ಮಂಗಳವಾರಾನೇ ದೋನ್ಯಾ ದೆಲ್ಮಿರಾ. ಲಾರಿ ಬರಬೇಕು," ಎಂದ ಒನೊಫ್ರೆ, ತಲೆ ಎತ್ತದೆ. ಮೊಳೆ, ಬಣ್ಣದ ಡಬ್ಬ, ಕುರಿ ಉಣ್ಣೆಯ ಕತ್ತರಿ, ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಬಂದೂಕು, ಎಲ್ಲವೂ ಊರಿಗೆ ಅವನೊಬ್ಬನ ಅಂಗಡಿಯಲ್ಲೇ ಸಿಗಬೇಕು. "ಯಾಕೆ, ಮತ್ತೆ ಮೊಲವಾ?"

"ಮೊಲಾನೇ. ಅಸೆಲ್ಗಾ ಸೊಪ್ಪೆಲ್ಲಾ ತಿಂದು ಹಾಕ್ತಿದೆ."

"ಹೂಂ," ಎಂದು ಅವನು ಮತ್ತೆ ಮೊಳೆ ತೂಗತೊಡಗಿದ.

ಗೋಡೆ ಗಡಿಯಾರದಲ್ಲಿ ಒಂಬತ್ತೂ ಕಾಲು. ಮನೆಗೆ ಹೋದರೆ ಫ್ರಿಜ್ಜಿನ ಗೊರಗೊರ ಇರುತ್ತದೆ, ತಗಡಿನ ಸೂರನ್ನು ಅಲ್ಲಾಡಿಸುವ ಅಕ್ಟೋಬರ್ ಗಾಳಿ ಇರುತ್ತದೆ, ಇನ್ನೇನಿರುತ್ತದೆ? ಗಂಡ ಸಿಲ್ವಾನೊ ಸತ್ತು ಎರಡು ವರ್ಷವಾಗಿತ್ತು. ನಿನ್ನೆ ಬೆಳಿಗ್ಗೆಯಿಂದ ಅವಳು ಬಾಯಿ ಬಿಟ್ಟು ಆಡಿದ್ದು ಎರಡೇ ಪದ, ಬ್ರೆಡ್ಡಿನ ಅಂಗಡಿಯಲ್ಲಿ: "ಅರ್ಧ ಕಿಲೋ." ಇನ್ನೊಂದು ನಿಮಿಷ ಇಲ್ಲಿ ನಿಲ್ಲಬೇಕಾದರೆ ಏನಾದರೂ ಕೇಳಬೇಕು. ಕಣ್ಣಿಗೆ ಗೋಡೆಯ ಬಂದೂಕು ಬಿತ್ತು.

"ಅಲ್ಲಾ ಒನೊಫ್ರೆ, ಬಂದೂಕು ತಗೊಳ್ಳೋದಾದ್ರೆ ಮೊಲಕ್ಕೆ ಯಾವ ಕ್ಯಾಲಿಬರ್, ಯಾವ ಅಳತೆ ಗುಂಡು ಒಳ್ಳೇದು?"

ಒನೊಫ್ರೆ ತಕ್ಕಡಿ ಕೆಳಗಿಟ್ಟ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಆಮೇಲೆ ಸ್ಟೂಲು ಎಳೆದುಕೊಂಡು ಕೂತ. ಎರಡು ವರ್ಷಗಳಲ್ಲಿ ಗಂಡಸೊಬ್ಬ ಅವಳ ಪ್ರಶ್ನೆಗೆ ಉತ್ತರ ಹೇಳಲೆಂದು ಕೂತದ್ದು ಅದೇ ಮೊದಲು.

"ಇಪ್ಪತ್ತೆರಡು," ಎಂದ. "ಸಾದಾ ಇಪ್ಪತ್ತೆರಡು. ನಮ್ಮಪ್ಪ ಹೊಡೆದಿದ್ದು ಅದರಲ್ಲೇ, ಅವರಪ್ಪ ಹೊಡೆದಿದ್ದೂ ಅದರಲ್ಲೇ. ಸದ್ದು ಕಡಿಮೆ, ಭುಜಕ್ಕೆ ಒದಿಯಲ್ಲ, ಮಾಂಸ ಮಾಂಸವಾಗೇ ಉಳಿಯತ್ತೆ. ಬೇರೆ ಏನು ಹೇಳಿದ್ರೂ ಕೇಳ್ಬೇಡಿ."

"ಬೇರೆ ಏನು ಹೇಳಿದ್ರೂ ಅಂದ್ರೆ?" ಎಂದು ಬಾಗಿಲಲ್ಲಿ ದನಿ ಕೇಳಿತು. ನಿವೃತ್ತ ಪೊಲೀಸ್ ಸಾರ್ಜೆಂಟ್ ಲಿಸಾರ್ದೊ ಟಾರ್ಚಿನ ಸೆಲ್ಲು ಕೊಳ್ಳಲು ಬಂದವನು ಸೆಲ್ಲನ್ನು ಮರೆತೇಬಿಟ್ಟ. "ಐವತ್ತು ಅರವತ್ತು ಮೀಟರ್ ದಾಟಿದ್ರೆ ನಿನ್ನ ಸಾದಾ ಇಪ್ಪತ್ತೆರಡು ಮೊಲಕ್ಕೆ ಕಾಗದ ಬರೆದ ಹಾಗೆ ಕಣಯ್ಯಾ. ತಲುಪಿದ್ರೆ ತಲುಪ್ತು. ದೋನ್ಯಾ, ಮ್ಯಾಗ್ನಮ್ ತಗೊಳ್ಳಿ. ಇಪ್ಪತ್ತೆರಡೇ, ಆದ್ರೆ ಮದ್ದು ಜಾಸ್ತಿ. ನೂರು ಮೀಟರಲ್ಲೂ ನಿಂತಲ್ಲೇ ಬೀಳತ್ತೆ."

"ನೂರು ಮೀಟರ್ ಯಾಕೆ ಬೇಕು ಅವರಿಗೆ? ಅವರೇನು ಯುದ್ಧಕ್ಕೆ ಹೋಗ್ತಾರಾ?"

"ಮೊಲ ಎಲ್ಲಿ ಕೂರತ್ತೆ ಅಂತ ನೀನು ನೋಡಿದೀಯಾ?"

"ನೀವು ನೋಡಿದೀರಾ?"

ಇಬ್ಬರೂ ಅವಳ ಕಡೆ ತಿರುಗಿದರು. "ಜಾಗ ನೋಡಿದ್ರೆ ನಿಮಗೇ ಗೊತ್ತಾಗತ್ತೆ," ಎಂದಳು, ತನ್ನ ಧೈರ್ಯಕ್ಕೆ ತಾನೇ ಬೆಚ್ಚಿ.

ನಮ್ಮೂರಲ್ಲಿ ವಿಧವೆಯ ಮನೆಗೆ ಗಂಡಸರು ಕಾರಣವಿಲ್ಲದೆ ಕಾಲಿಡುವುದಿಲ್ಲ. ಸಾವಿನ ಪ್ರಾರ್ಥನೆಗೆ ಒಂಬತ್ತು ಸಂಜೆ ಬರುತ್ತಾರೆ, ಹತ್ತನೆಯ ಸಂಜೆ ಬಾಗಿಲು ಮುಚ್ಚುತ್ತದೆ. ಆಮೇಲೆ ಬರಬೇಕಾದರೆ ಗಾಳಿಗೆ ಸೂರು ಹಾರಿರಬೇಕು, ಗ್ಯಾಸ್ ಸೋರಿರಬೇಕು, ಇಲ್ಲವೇ ಕಾಡುಪ್ರಾಣಿ ನುಗ್ಗಿರಬೇಕು. ದೆಲ್ಮಿರಾಳ ಸೂರು ಗಟ್ಟಿಯಾಗಿತ್ತು, ಗ್ಯಾಸಿನ ಕೊಳವೆ ಹೊಸದು. ಮೊಲ ಕಾಡುಪ್ರಾಣಿಯೇ ಎಂಬುದು ಈ ಎರಡು ವರ್ಷ ಅವಳಿಗೆ ಹೊಳೆದೇ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ "ಈಗ ಬರ್ತೀನಿ" ಎಂಬ ಹಲಗೆ ತೂಗಾಡುತ್ತಿತ್ತು, ಒನೊಫ್ರೆ ಮತ್ತು ಲಿಸಾರ್ದೊ ದೆಲ್ಮಿರಾಳ ಅಡಿಗೆಮನೆಯಲ್ಲಿದ್ದರು. ಕುರಿಗಳ ಔಷಧಿಗೆಂದು ಬಂದು ಅಂಗಡಿ ಮುಚ್ಚಿದ್ದು ಕಂಡ ಐವಾನ್ ಪ್ಯೂ ತನ್ನ ಪಿಕಪ್ಪಿನಲ್ಲಿ ಅವರ ಬೆನ್ನು ಹತ್ತಿ ಬಂದಿದ್ದ. ಮುತ್ತಜ್ಜನ ಕಾಲಕ್ಕೆ ವೇಲ್ಸಿನಿಂದ ಬಂದವರ ಮನೆತನ ಅವನದು. ಮೂರು ವಾಕ್ಯ ಕೇಳಿಸಿಕೊಂಡು ನಾಲ್ಕನೆಯದಕ್ಕೆ ಬಾಯಿ ಹಾಕಿದ.

"ಇಬ್ಬರೂ ಹಳೇ ಕಾಲದವರು. ಈಗೇನಿದ್ರೂ ಹದಿನೇಳು. ಸಣ್ಣ ಗುಂಡು, ಗೆರೆ ಎಳೆದ ಹಾಗೆ ಹೋಗತ್ತೆ. ನೂರೈವತ್ತು ಮೀಟರ್‌ವರೆಗೂ ಯೋಚನೇನೇ ಬೇಡ."

"ಗಾಳಿ ಇಲ್ಲದ ದೇಶದಲ್ಲಿ," ಎಂದ ಲಿಸಾರ್ದೊ. "ಇಲ್ಲಿ ಹೊಡೆದ್ರೆ ಸಮುದ್ರಕ್ಕೆ ಹೋಗಿ ಮೀನು ಹೊಡ್ಕೊಂಡು ಬರತ್ತೆ."

ದೆಲ್ಮಿರಾ ಕುರ್ಚಿಗಳನ್ನು ಹುಡುಕುತ್ತಿದ್ದಳು. ಒಂದರ ಮೇಲೆ ಇಸ್ತ್ರಿ ಬಟ್ಟೆಯ ರಾಶಿ, ಒಂದು ಬಚ್ಚಲಲ್ಲಿ ಬಕೆಟ್ಟಿನ ಪೀಠ, ಇನ್ನೊಂದು ಹಳೆಯ ಪತ್ರಿಕೆಗಳ ಕೆಳಗೆ. ಮನುಷ್ಯರು ಕೂರದಿದ್ದರೆ ಕುರ್ಚಿ ತಾನೇ ಬೇರೆ ಕೆಲಸ ಹುಡುಕಿಕೊಳ್ಳುತ್ತದೆ. ಎಲ್ಲವನ್ನೂ ಒರೆಸಿ ಮೇಜಿನ ಸುತ್ತ ಎಳೆದಳು. ಕೆಟಲ್ ಒಲೆಯ ಮೇಲಿಟ್ಟಳು. ಸೋರೆ ಬುರುಡೆಗೆ ಮಾಟೆ ಎಲೆ ತುಂಬಿ, ಬಿಸಿನೀರು ಹೊಯ್ದು, ಕೊಳವೆ ಸಿಕ್ಕಿಸಿ ಮೊದಲು ತಾನು ಹೀರಿ, ಆಮೇಲೆ ಒನೊಫ್ರೆಗೆ ಕೊಟ್ಟಳು. ಬುರುಡೆ ಸುತ್ತು ಹೊಡೆಯತೊಡಗಿತು. ಸುತ್ತಿನಲ್ಲಿ ಕೂತವನು "ಗ್ರಾಸಿಯಾಸ್", ಧನ್ಯವಾದ, ಎನ್ನುವ ತನಕ ಅವನಿಗೆ ಮಾಟೆ ಬರುತ್ತಲೇ ಇರುತ್ತದೆ. ಅಂದನೆಂದರೆ ಸಾಕು, ಹೊರಟೆ ಎಂದು ಅರ್ಥ. ಆ ಮಾತು ಯಾರ ಬಾಯಿಂದಲೂ ಬರದಿರಲೆಂದು ದೆಲ್ಮಿರಾ ಹಿಟ್ಟು ಕಲಸಿ, ಕೊಬ್ಬು ಕಾಯಿಸಿ, ತೊರ್ತಾ ಫ್ರಿತಾ ರೊಟ್ಟಿ ಕರಿಯತೊಡಗಿದಳು.

"ಸರಿ, ವಿಷಯಕ್ಕೆ ಬರೋಣ," ಎಂದ ಲಿಸಾರ್ದೊ, ವಿಚಾರಣೆಯ ದನಿಯಲ್ಲಿ. "ಈ ಕಿಟಕಿಯಿಂದ ಮೊಲ ಕೂರೋ ಜಾಗ ಎಷ್ಟು ದೂರ?"

ಹದಿನಾಲ್ಕು ಹೆಜ್ಜೆ. ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಿನಾ ಸಂಜೆ ಏಳರ ಹೊತ್ತಿಗೆ ಮೊಲ ಬಂದು ಮೂರನೆಯ ಸಾಲಿನ ತುದಿಯಲ್ಲಿ ಕೂರುತ್ತಿತ್ತು. ಎಡಗಿವಿಯ ಅಂಚು ಹರಿದಿತ್ತು, ಯಾವುದೋ ಬೇಲಿಗೆ ಸಿಕ್ಕಿದ್ದಿರಬೇಕು. ಒಂದು ಎಲೆ ತಿಂದು ಕಿಟಕಿಯ ಕಡೆ ನೋಡುತ್ತಿತ್ತು, ಇನ್ನೊಂದು ತಿಂದು ಮತ್ತೆ ನೋಡುತ್ತಿತ್ತು. ಅವಳೂ ಆಗಲೇ ಊಟಕ್ಕೆ ಕೂರುತ್ತಿದ್ದಳು. ಮೂರು ಸಾಲಿನ ಮಡಿಗೆ ಆರು ಮೀಟರ್ ಬಲೆ ಬೇಕು. ಅವಳು ನಾಲ್ಕೇ ಕೇಳಲು ಹೋಗಿದ್ದಳು. ಮೂರನೆಯ ಸಾಲು ಮೊಲದ ಪಾಲೆಂದು ಬಿಟ್ಟಿದ್ದಳು.

ಹದಿನಾಲ್ಕು ಹೆಜ್ಜೆ ಎಂದುಬಿಟ್ಟರೆ ಒನೊಫ್ರೆ ಗೆದ್ದ, ಮಾತು ಮುಗಿಯಿತು, ಕುರ್ಚಿ ಮತ್ತೆ ಬಚ್ಚಲಿಗೆ. ಒಂದು ಕಲ್ಲು ಬೀಸಿದರೂ ಸಾಕಾಗುವ ದೂರ ಅದು.

"ಒಂದೊಂದು ದಿನ ಒಂದೊಂದು ಥರ," ಎಂದಳು, ಬಾಣಲೆಯ ಕಡೆ ತಿರುಗಿ. "ಬೇಲಿ ಮೂಲೇಲಿ ಕೂರತ್ತೆ ನೋಡಿ, ಅದು ಎಂಬತ್ತು ಇರಬಹುದೇನೋ."

"ಎಂಬತ್ತು! ಮ್ಯಾಗ್ನಮ್!" ಎಂದ ಲಿಸಾರ್ದೊ, ಮೇಜು ಗುದ್ದಿ.

ಒನೊಫ್ರೆಯ ಮುಖ ಸಪ್ಪಗಾಯಿತು. ಅವನ ಕೈ ಟೋಪಿಯ ಕಡೆ ಹೋದದ್ದು ಅವಳ ಕಣ್ಣಿಗೆ ಬಿತ್ತು. "ಆದ್ರೆ ಒನೊಫ್ರೆ, ಕೆಲವು ದಿನ ಬಾವಿ ಹತ್ರಾನೇ ಬರತ್ತೆ. ಮೂವತ್ತೂ ಇರಲ್ಲ," ಎಂದಳು ಅವಸರದಿಂದ. ಟೋಪಿ ಮೇಜಿನ ಮೇಲೇ ಉಳಿಯಿತು. ಅರ್ಧ ಗಂಟೆಯಲ್ಲಿ ಐವಾನ್ ಆಕಳಿಸಿದಾಗ ಮೊಲ ರೈಲಿನ ಹಳೆಯ ನೀರಿನ ತೊಟ್ಟಿಯ ಆಚೆಗೆ, ನೂರೈವತ್ತಕ್ಕೆ ಓಡಿತು. ಮಧ್ಯಾಹ್ನದವರೆಗೆ ಆ ಮೊಲ ಪಾಪ ಅಂಗಳದ ತುಂಬ ಓಡಿದ್ದೇ ಓಡಿದ್ದು. ಯಾರು ಗೆಲ್ಲುವಂತೆ ಕಂಡರೂ ಅಲ್ಲಿಂದ ಎದ್ದು ಇನ್ನೊಬ್ಬನ ಗುಂಡಿಗೆ ಸರಿಯಾದ ದೂರದಲ್ಲಿ ಹೋಗಿ ಕೂರುತ್ತಿತ್ತು.

"ಇದೇನು ದೋನ್ಯಾ, ಮೊಲವೋ ಅಂಚೆಯವನೋ?" ಎಂದ ಐವಾನ್.

"ಸಿಲ್ವಾನೊ ಇದ್ದಾಗ ಏನು ಬಳಸ್ತಿದ್ದ?" ಎಂದು ಕೇಳಿದ ಒನೊಫ್ರೆ.

ಆ ಹೆಸರನ್ನು ಈ ಮನೆಯಲ್ಲಿ ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಸಿಲ್ವಾನೊನ ಬಂದೂಕನ್ನು ಅವನ ತಮ್ಮ ತೆಗೆದುಕೊಂಡು ಹೋಗಿದ್ದ. ಅದು ಎಷ್ಟರದೆಂದು ಅವಳು ಎಂದೂ ಕೇಳಿರಲಿಲ್ಲ. ಮೂವತ್ತು ವರ್ಷ ಅವನು ತಂದ ಮೊಲಗಳನ್ನು ವಿನೆಗರಿನಲ್ಲಿ, ಲಾರೆಲ್ ಎಲೆಯಲ್ಲಿ ಬೇಯಿಸಿ ಸೀಸೆಗೆ ತುಂಬಿದ್ದಳು. ಯಾವುದು ಯಾವುದರಿಂದ ಸತ್ತಿತೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

"ಅವರು ದಿನಾ ಮನಸ್ಸು ಬದಲಾಯಿಸ್ತಿದ್ರು," ಎಂದಳು.

"ಅದು ನಿಜ," ಎಂದರು ಮೂವರೂ ಒಟ್ಟಿಗೆ. ಸಿಲ್ವಾನೊ ಒಂದೇ ಟೋಪಿಯನ್ನು ಇಪ್ಪತ್ತು ವರ್ಷ ಹಾಕಿದ ಮನುಷ್ಯ ಎಂಬುದು ಊರಿಗೇ ಗೊತ್ತಿತ್ತು.

ಊಟದ ಹೊತ್ತಾಯಿತು. ಯಾರೂ ಏಳಲಿಲ್ಲ. ಬೇಯಿಸಿದ ಕುರಿಮಾಂಸ ಇತ್ತು, ಬಡಿಸಿದಳು. ಸಿಯೆಸ್ತಾದ ನಿದ್ದೆಯ ಹೊತ್ತಾಯಿತು. ಆಗಲೂ ಏಳಲಿಲ್ಲ. ಮಾತಿನಲ್ಲಿ ತೀರ್ಮಾನವಾಗದ್ದನ್ನು ಗುರಿಯಲ್ಲೇ ತೀರ್ಮಾನಿಸೋಣವೆಂದು ಹೊರಗೆ ಹೊರಟರು. ಲಿಸಾರ್ದೊ ತನ್ನ ಮ್ಯಾಗ್ನಮ್ ತರಿಸಿದ. ಐವಾನ್ ಪಿಕಪ್ಪಿನ ಸೀಟಿನ ಹಿಂದಿನಿಂದ ಹದಿನೇಳನ್ನು ತೆಗೆದ. ಒನೊಫ್ರೆ ಅಂಗಡಿಯಿಂದ ಸಾದಾ ಇಪ್ಪತ್ತೆರಡನ್ನು ತಂದ. ದೂರ ಅಳೆಯಲು ಮೂವರೂ ಮೂರು ಕಡೆ ಹೆಜ್ಜೆ ಹಾಕಿದರು, ಹೋಗುವಾಗ ಬರುವಾಗ ಎರಡೂ ಸಲ ಸೊಪ್ಪಿನ ಮಡಿಯ ಮೇಲೆಯೇ.

"ಮೊದಲು ನೀವು ಹಿಡೀರಿ ದೋನ್ಯಾ. ಹೊಡೆಯೋರು ನೀವು ತಾನೇ," ಎಂದು ಲಿಸಾರ್ದೊ ಗುಂಡಿಲ್ಲದ ಬಂದೂಕನ್ನು ಅವಳ ಭುಜಕ್ಕೆ ಕೊಟ್ಟ. "ಹಾಗಲ್ಲ. ಮೊಣಕೈ ಕೆಳಗೆ. ಹಾಂ."

ಎರಡು ಬೆರಳಿನಿಂದ ಅವಳ ಮೊಣಕೈಯನ್ನು ಸ್ವಲ್ಪ ಕೆಳಗೆ ಒತ್ತಿದ. ಅಷ್ಟೇ. ಆ ಬೆರಳಿನ ಬಿಸಿ ಸ್ವೆಟರಿನೊಳಗೆ ಇಳಿದು ಬಹಳ ಹೊತ್ತು ಅಲ್ಲೇ ಇತ್ತು. ಅವಳಿಗೆ ಲಿಸಾರ್ದೊನ ಮೇಲೆ ಯಾವ ಮನಸ್ಸೂ ಇರಲಿಲ್ಲ. ಕಿವಿಯಲ್ಲಿ ಕೂದಲು ಬೆಳೆಸಿಕೊಂಡ ಮುದುಕ ಅವನು. ಆದರೂ ತನಗೊಂದು ಮೊಣಕೈ ಇದೆಯೆಂದು ಎರಡು ವರ್ಷದಿಂದ ಯಾರೂ ನೆನಪಿಸಿರಲಿಲ್ಲ.

ಬೇಲಿಯ ಕಬ್ಬಿಣದ ಕಂಬದ ಮೇಲೆ ಟೊಮ್ಯಾಟೊ ಡಬ್ಬವಿಟ್ಟರು. ಒನೊಫ್ರೆ ಹೊಡೆದ, ಡಬ್ಬ ಅಲ್ಲೇ ಇತ್ತು. "ಗಾಳಿ," ಎಂದ. ಲಿಸಾರ್ದೊ ಹೊಡೆದ, ಡಬ್ಬ ಅಲ್ಲೇ ಇತ್ತು. "ಕನ್ನಡಕ," ಎಂದ. ಐವಾನ್ ನೆಲದ ಮೇಲೆ ಮಲಗಿ, ಉಸಿರು ಬಿಗಿಹಿಡಿದು ಹೊಡೆದ. ಗುಂಡು ಕಂಬಕ್ಕೆ ತಾಗಿ ಟಣ್ ಎಂದು ಪಕ್ಕದ ಅಂಗಳಕ್ಕೆ ಹಾರಿತು.

ಆಮೇಲೆ ಬೇಲಿಯ ಆಚೆಯಿಂದ ಬೆನೀತಾ ಬಂದಳು, ಎರಡೂ ಕೈಯಲ್ಲಿ ಗಂಡಸಿನ ನೀಲಿ ಅಂಗಿಯನ್ನು ಎತ್ತಿ ಹಿಡಿದು.

"ಯಾರ್ರೀ ಹೊಡೆದಿದ್ದು ನನ್ನ ಫರ್ಮಿನ್‌ಗೆ?"

ಫರ್ಮಿನ್ ಸತ್ತು ಆರು ವರ್ಷವಾಗಿತ್ತು. ಪ್ರತಿ ವಾರ ಬೆನೀತಾ ಅವನದೊಂದು ಅಂಗಿ ಒಗೆದು ಹಗ್ಗಕ್ಕೆ ಹಾಕುತ್ತಿದ್ದಳು, ದಾರಿಹೋಕರು ಮನೆಯಲ್ಲಿ ಗಂಡಸಿದ್ದಾನೆಂದು ತಿಳಿಯಲಿ ಎಂದು. ಊರಿನವರಿಗೆಲ್ಲ ವಿಷಯ ಗೊತ್ತಿತ್ತು, ದಾರಿಹೋಕರು ಆ ಕಡೆ ಬರುತ್ತಲೇ ಇರಲಿಲ್ಲ. ಆದರೂ ಅಂಗಿ ಗಾಳಿಗೆ ತೋಳು ಬೀಸುತ್ತಲೇ ಇತ್ತು.

ಲಿಸಾರ್ದೊ ಟೋಪಿ ತೆಗೆದ. ಐವಾನ್ ಮಾತ್ರ ಹತ್ತಿರ ಹೋಗಿ ಅಂಗಿಯನ್ನು ನೋಡಿದ. ಎಡಜೇಬಿನ ಮೇಲೆ ಸಣ್ಣ ತೂತು.

"ನೇರ ಎದೆಗೇ," ಎಂದ, ಹೆಮ್ಮೆ ಅಡಗಿಸಲಾರದೆ. "ನೋಡಿದ್ರಾ ಹದಿನೇಳರ ಗುರಿ?"

"ಒಂದ್ಸಲ ಸತ್ತಿದ್ದು ಸಾಲ್ದು ಅಂತ ಇನ್ನೊಂದ್ಸಲ ಸಾಯಿಸಿದ್ರಾ? ನಾಚಿಕೆ ಆಗಲ್ವಾ ಐವಾನ್ ನಿಂಗೆ?"

"ಒಳಗೆ ಬಾರೇ ಬೆನೀತಾ," ಎಂದು ದೆಲ್ಮಿರಾ ಅವಳ ತೋಳು ಹಿಡಿದಳು. "ಬಿಸಿಬಿಸಿ ತೊರ್ತಾ ಇದೆ. ತೂತು ನಾನು ಹೊಲಿದು ಕೊಡ್ತೀನಿ."

ಬೆನೀತಾ ಬಂದಳು. ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಮೇಜಿನ ಸುತ್ತ ಮೂರು ಟೋಪಿ, ಕುದಿಯುವ ಕೆಟಲ್, ಕರಿದ ರೊಟ್ಟಿಯ ತಟ್ಟೆ, ನೆಲದ ತುಂಬ ಗಂಡಸರ ಬೂಟಿನ ಮಣ್ಣು. ಬಹಳ ದಿನ ಹಸಿದವಳು ಬ್ರೆಡ್ಡಿನ ಅಂಗಡಿಯ ಗಾಜಿಗೆ ಮುಖವಿಟ್ಟಂತೆ ಎಲ್ಲವನ್ನೂ ನೋಡಿದಳು. ಕೂತು ಬುರುಡೆ ಕೈಗೆ ತೆಗೆದುಕೊಂಡಳು.

"ವಿಷಯ ಏನಂದ್ರೆ," ಎಂದು ಲಿಸಾರ್ದೊ ವಿವರಿಸಿದ, "ಇವರ ಮೊಲ ಒಂದ್ಸಲ ಮೂವತ್ತರಲ್ಲಿ, ಒಂದ್ಸಲ ನೂರೈವತ್ತರಲ್ಲಿ ಕೂರತ್ತೆ. ಅದಕ್ಕೇ ಕಷ್ಟ."

"ನೂರೈವತ್ತಾ?" ಎಂದಳು ಬೆನೀತಾ. "ನಮ್ಮ ಕಿಟಕಿಯಿಂದ ದಿನಾ ನೋಡ್ತೀನಲ್ಲ, ಅದು ಅಲ್ಲೇ ಮೂಗಿನ ಕೆಳಗೆ..."

ದೆಲ್ಮಿರಾಳ ಕೈಯಲ್ಲಿ ಕೆಟಲ್ ನಿಂತುಬಿಟ್ಟಿತು. ಬೆನೀತಾ ಅವಳ ಮುಖ ನೋಡಿದಳು, ಕುರ್ಚಿಗಳನ್ನು ನೋಡಿದಳು, ಮತ್ತೆ ಅವಳ ಮುಖ ನೋಡಿದಳು. ಏನೋ ಅರ್ಥವಾಯಿತು. ಕೊಳವೆ ಬಾಯಿಗಿಟ್ಟು ನಿಧಾನವಾಗಿ ಕೊನೆಯ ಹನಿಯವರೆಗೆ ಹೀರಿದಳು.

"ಹೌದೌದು, ನೂರೈವತ್ತೇ," ಎಂದಳು. "ಒಂದೊಂದು ದಿನ ಇನ್ನೂ ಜಾಸ್ತಿ."

ದೆಲ್ಮಿರಾಳಿಗೆ ಎದ್ದು ಅವಳನ್ನು ಅಪ್ಪಿಕೊಳ್ಳೋಣ ಎನ್ನಿಸಿತು. ಆರು ವರ್ಷ ಪಕ್ಕದಲ್ಲೇ ಒಂಟಿಯಾಗಿದ್ದ ಈ ಹೆಂಗಸಿನ ಜೊತೆ ತಾನೇಕೆ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ ಎಂದುಕೊಂಡಳು. ನಾಳೆ ಅವಳನ್ನೂ ಕರೆಯಬೇಕು. ನಾಳೆಗೆ ಮೊಲವನ್ನು ಎಲ್ಲಿ ಕೂರಿಸುವುದೆಂದು ಆಗಲೇ ಯೋಚಿಸಿಯಾಗಿತ್ತು: ಗುಡ್ಡದ ಇಳಿಜಾರಿನಲ್ಲಿ. ಮೇಲಿನಿಂದ ಕೆಳಗೆ ಹೊಡೆಯುವ ಲೆಕ್ಕವೇ ಬೇರೆಯಂತೆ, ಐವಾನ್ ಹೇಳಿದ್ದ. ಅದರಲ್ಲೇ ಒಂದು ವಾರ ಹೋಗುತ್ತದೆ.

ಬೆನೀತಾ ಒಂದು ಗಂಟೆ ಸುಮ್ಮನೆ ಕೂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಊರಾಚೆ ಸ್ವಲ್ಪ ಕೆಲಸವಿದೆಯೆಂದು ತನ್ನ ಪಿಕಪ್ ಹತ್ತಿ ಹೋದಳು. ನಾಲ್ಕೂವರೆಗೆ ವಾಪಸ್ ಬಂದಾಗ ಅವಳ ಕೈಯಲ್ಲಿ ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿದ ಒಂದು ಗಂಟಿತ್ತು. ಗಂಟಿನಿಂದ ಮೊಲದ ಎರಡು ಹಿಂಗಾಲು ಹೊರಗೆ ಚಾಚಿದ್ದವು.

"ತಗೋ ದೆಲ್ಮಿರಾ," ಎಂದು ಮೇಜಿನ ಮೇಲಿಟ್ಟಳು. "ನೀರಿನ ತೊಟ್ಟಿ ಹತ್ರ ನನ್ನ ಗಾಡಿಗೇ ಅಡ್ಡ ಬಂತು. ನಿನ್ನದೇ. ಕ್ಯಾಲಿಬರ್ ಏನೂ ಬೇಕಾಗ್ಲಿಲ್ಲ."

ಲಿಸಾರ್ದೊ ಕಾಲು ಹಿಡಿದು ತೂಕ ನೋಡಿದ. "ಎಷ್ಟು ಬೇಗ ಸೆಟೆದಿದೆ! ಈ ಗಾಳೀಲಿ ಹಾಗೇನೇ," ಎಂದ, ನಲವತ್ತು ವರ್ಷದ ಅನುಭವದಿಂದ. ಉಳಿದಿಬ್ಬರೂ ತಲೆಯಾಡಿಸಿದರು. ದೆಲ್ಮಿರಾ ಗಂಟಿನ ಕಡೆ ನೋಡಲಿಲ್ಲ. ಹರಿದ ಕಿವಿಯನ್ನು ನೋಡಲು ಅವಳಿಗೆ ಮನಸ್ಸಾಗಲಿಲ್ಲ.

"ಇನ್ನೊಂದು ಸುತ್ತು ಹಾಕ್ತೀನಿ," ಎಂದಳು, ಕೆಟಲ್ ಎತ್ತಿ.

"ಗ್ರಾಸಿಯಾಸ್ ದೋನ್ಯಾ," ಎಂದ ಒನೊಫ್ರೆ. ಅಂಗಡಿ ಬೆಳಗಿನಿಂದ ಮುಚ್ಚಿದೆ.

"ಗ್ರಾಸಿಯಾಸ್," ಎಂದ ಐವಾನ್. ಕುರಿಗಳು ಕಾಯುತ್ತಿವೆ.

"ಗ್ರಾಸಿಯಾಸ್ ದೋನ್ಯಾ ದೆಲ್ಮಿರಾ. ಒಳ್ಳೇ ಮಾಟೆ," ಎಂದ ಲಿಸಾರ್ದೊ. ಅವನಿಗೆ ಹೇಳಿಕೊಳ್ಳಲು ಕೆಲಸವಿರಲಿಲ್ಲ. ಆದರೆ ಕಾರಣ ಮುಗಿದ ಮೇಲೆ ಸಾರ್ಜೆಂಟೂ ಕೂರುವ ಹಾಗಿಲ್ಲ.

ಬಾಗಿಲ ಆಚೆ ಬೆನೀತಾಳ ದನಿ ಗಾಳಿಯಲ್ಲಿ ತೇಲಿ ಬಂತು: "ಸಾರ್ಜೆಂಟ್ರೇ, ಒಂದು ಸಣ್ಣ ವಿಷಯ ಕೇಳೋದಿತ್ತು..." ದೆಲ್ಮಿರಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಖಾಲಿ ಕುರ್ಚಿಗಳ ನಡುವೆ ನಿಂತು, ತುಂಬಿದ ಬುರುಡೆಯನ್ನು ಯಾರಿಗೆ ಕೊಡುವುದೆಂದು ತಿಳಿಯದೆ ತಾನೇ ಕುಡಿದಳು. ಆರಿಹೋಗಿತ್ತು.

ಒಂದು ದಿನದ ಮಾತಿನ ಆಸೆಗೆ ಒಂದು ಜೀವ ಹೋಯಿತು ಎಂಬುದು ಅವಳನ್ನು ಕೊರೆಯಿತು. ನಿಜವಾಗಿ ಬಂದು ಕೂರುತ್ತಿದ್ದುದು ಅದೊಂದೇ. ಕಾರಣ ಕೇಳದೆ, ಟೋಪಿ ಹುಡುಕದೆ ಬರುತ್ತಿತ್ತು.

ಏಳಾಯಿತು. ಅಭ್ಯಾಸಬಲದಿಂದ ತಟ್ಟೆ ಹಿಡಿದು ಕಿಟಕಿಯ ಮುಂದೆ ಕೂತಳು. ತುಳಿದು ಕೆಸರಾದ ಮಡಿಯಲ್ಲಿ ಬೂಟಿನ ಗುರುತುಗಳ ಮಧ್ಯೆ ಏನೋ ಅಲುಗಿತು. ಮೂರನೆಯ ಸಾಲಿನ ತುದಿ. ಎರಡು ಕಿವಿ ಮೇಲೆದ್ದವು. ಎಡಗಿವಿಯ ಅಂಚು ಹರಿದಿತ್ತು.

ದೆಲ್ಮಿರಾ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಗಂಟನ್ನು ಎಳೆದುಕೊಂಡಳು. ಪತ್ರಿಕೆ ಒದ್ದೆಯಾಗಿತ್ತು, ಮೇಜಿನ ಮೇಲೆ ನೀರು ನಿಂತಿತ್ತು. ಒಳಗಿದ್ದ ಮೊಲದ ಎರಡೂ ಕಿವಿ ಸರಿಯಾಗಿದ್ದವು. ತುಪ್ಪಳದಲ್ಲಿ ಐಸಿನ ಹರಳು ಇನ್ನೂ ಉಳಿದಿತ್ತು. ಹೊಟ್ಟೆಯನ್ನು ನೀಟಾಗಿ ಸೀಳಿ, ಕರುಳು ತೆಗೆದು ತೊಳೆಯಲಾಗಿತ್ತು. ಗಾಡಿಗೆ ಸಿಕ್ಕಿ ಸತ್ತ ಮೊಲ ತನ್ನ ಕರುಳನ್ನು ತಾನೇ ತೆಗೆದಿಡುವುದಿಲ್ಲ. ಪತ್ರಿಕೆಯ ತಾರೀಖು ಜುಲೈ ಆರು. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜುಲೈ ಎಂದರೆ ಚಳಿಗಾಲ; ಆಗಿನ ಬೇಟೆಯದು, ಬೆನೀತಾಳ ಫ್ರೀಜರಿನದು. ಇಡೀ ದಿನ ಬೇಟೆಯ ಬಗ್ಗೆ ಕಚ್ಚಾಡಿದ ಮೂವರು ಪಂಡಿತರಲ್ಲಿ ಒಬ್ಬನೂ ಪತ್ರಿಕೆ ಬಿಚ್ಚಿರಲಿಲ್ಲ.

ಮೊದಲು ನಗು ಬಂತು, ಆಮೇಲೆ ಖುಷಿ. ಮೊಲ ಬದುಕಿದೆ! ಅಂದರೆ ಪ್ರಶ್ನೆಯೂ ಬದುಕಿದೆ! ಗಂಟನ್ನು ಎತ್ತಿಕೊಂಡು ಶಾಲು ಹೊದ್ದು ಹೊರಟಳು. ಬೆನೀತಾಳನ್ನು ಹಿಡಿದು, ಯಾಕೇ ಹೀಗೆ ಮಾಡಿದೆ ಎಂದು ಕೇಳಬೇಕು. ಆಮೇಲೆ ಇಬ್ಬರೂ ಸೇರಿ ನಗಬೇಕು.

ಬೆನೀತಾಳ ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಕಿಟಕಿಯ ಹತ್ತಿರ ಬಂದಾಗ ಗಂಡಸರ ದನಿ ಕೇಳಿ ದೆಲ್ಮಿರಾ ನಿಂತಳು. ಮೇಜಿನ ಮೇಲೆ ಮೂರು ಟೋಪಿಗಳಿದ್ದವು.

"ಕೋಳಿಗೂಡಿಂದ ನರಿ ಎಷ್ಟು ದೂರದಲ್ಲಿ ನಿಲ್ಲತ್ತೆ?" ಎಂದು ಲಿಸಾರ್ದೊ ಕೇಳುತ್ತಿದ್ದ.

"ಒಂದೊಂದು ದಿನ ಒಂದೊಂದು ಥರ ಸಾರ್ಜೆಂಟ್ರೇ," ಎಂದಳು ಬೆನೀತಾ, ಕೆಟಲ್ ಬಗ್ಗಿಸುತ್ತಾ. "ಕೆಲವು ದಿನ ಇಪ್ಪತ್ತು, ಕೆಲವು ದಿನ ನೂರೈವತ್ತು."

"ನರಿಗೆ ಸಾದಾ ಇಪ್ಪತ್ತೆರಡು ಆಗಲ್ಲ," ಎಂದ ಐವಾನ್.

"ಯಾಕಾಗಲ್ಲ?" ಎಂದ ಒನೊಫ್ರೆ.

ಬೆನೀತಾಳ ಮನೆಯಲ್ಲಿ ಕೋಳಿಗಳಿರಲಿಲ್ಲ. ಯಾವತ್ತೂ ಇರಲಿಲ್ಲ.

ದೆಲ್ಮಿರಾ ಗಂಟನ್ನು ಎದೆಗವಚಿಕೊಂಡು ನಿಂತಳು. ಈಗ ಬಾಗಿಲು ತಟ್ಟಿ ಪತ್ರಿಕೆ ಬಿಚ್ಚಿ ತೋರಿಸಿದರೆ ಸಾಕು. ಐದು ನಿಮಿಷದಲ್ಲಿ ಟೋಪಿಗಳು ತನ್ನ ಮೇಜಿಗೆ ಬರುತ್ತವೆ. ಆದರೆ ಕೋಳಿಗಳೆಲ್ಲಿ ಎಂದು ಒಬ್ಬ ಕೇಳಿದರೆ, ನಿಮ್ಮ ಮೊಲದ ನೂರೈವತ್ತು ಮೀಟರ್ ಎಲ್ಲಿ ಎಂದು ಇನ್ನೊಬ್ಬ ಕೇಳುತ್ತಾನೆ. ಅಷ್ಟರಲ್ಲಿ ಬೆನೀತಾ ತಲೆ ಎತ್ತಿದಳು. ಗಾಜಿನ ಈಚೆ ಆಚೆ ಇಬ್ಬರ ಕಣ್ಣೂ ಸೇರಿದವು. ಬೆನೀತಾಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಬೆಳಿಗ್ಗೆಯಿಂದ ತನ್ನ ಮುಖದಲ್ಲಿದ್ದುದೇ ಅಲ್ಲಿತ್ತು: ಯಾರೂ ಗ್ರಾಸಿಯಾಸ್ ಎನ್ನದಿರಲಿ, ಇನ್ನೂ ಒಂದು ಸುತ್ತು ನಡೆಯಲಿ. ಹಗ್ಗದ ಮೇಲೆ, ಎದೆಯಲ್ಲಿ ತೂತಿದ್ದ ನೀಲಿ ಅಂಗಿ ತೋಳು ಬೀಸುತ್ತಿತ್ತು.

ಗಂಟನ್ನು ಮೆಲ್ಲಗೆ ಹೊಸ್ತಿಲ ಮೇಲಿಟ್ಟು ದೆಲ್ಮಿರಾ ಹಿಂತಿರುಗಿದಳು. ಫ್ರೀಜರಿನ ಮೊಲ ಫ್ರೀಜರಿಗೆ ಹೋಗಲಿ. ತನಗೆ ಜೀವಂತ ಮೊಲ ಒಂದಿದೆಯಲ್ಲ. ಮೊದಲೇ ಕಿತ್ತು ನೀರಿಗೆ ಹಾಕಿಟ್ಟ ನಾಲ್ಕು ಅಸೆಲ್ಗಾ ಎಲೆ ಮನೆಯಲ್ಲಿದೆ, ಕೊಟ್ಟರಾಯಿತು.

ಎಲೆ ಹಿಡಿದು ಅಂಗಳಕ್ಕೆ ಬಂದಳು. ಹದಿನಾಲ್ಕು ಹೆಜ್ಜೆ ಆಚೆ ಮೊಲ ಬೂಟಿನ ಗುರುತುಗಳನ್ನು ಒಂದೊಂದಾಗಿ ಮೂಸುತ್ತಿತ್ತು. ಮಡಿಯಲ್ಲಿ ಒಂದು ಎಲೆಯೂ ನೆಟ್ಟಗೆ ಉಳಿದಿರಲಿಲ್ಲ. ಕೊನೆಗೆ ತಲೆ ಎತ್ತಿ ಅವಳನ್ನು ನೋಡಿತು. ಆಮೇಲೆ ನಿಧಾನವಾಗಿ ತಿರುಗಿ, ಬೇಲಿಯ ಸಂದಿನಲ್ಲಿ ನುಸುಳಿ ಬೆನೀತಾಳ ಅಂಗಳಕ್ಕೆ ಹೋಯಿತು.